ಖಾಲಿ ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಅಜ್ಜಿ

ಪ್ರಶ್ನೆ: ನಾನು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮೂರ ಡೇರಿಯಲ್ಲಿ ಐದು ವರ್ಷಗಳಿಂದ ಹಾಲು ಪರೀಕ್ಷಕಿಯಾಗಿ ಕೆಲಸ ಮಾಡುತ್ತಿದ್ದೇನೆ. ಪಿಯುಸಿ ಓದುವಾಗಿನಿಂದಲೂ ಕವಿತೆ ಬರೆಯುವ ಹಂಬಲವಿದೆ, ಆದರೆ ಬರೆಯಲು ಕುಳಿತರೆ ವಿಷಯವೇ ಹೊಳೆಯುವುದಿಲ್ಲ. ಮಲೆನಾಡಿನವರಿಗೆ ಕಾಡು, ಮಂಜು, ಕಾಫಿ ಹೂವು ಇವೆ. ನನಗಿರುವುದು ಬೆಳಿಗ್ಗೆ ಸಂಜೆ ಅದೇ ಕ್ಯಾನುಗಳು, ಅದೇ ಮುಖಗಳು. ಹೋದ ತಿಂಗಳು ಒಬ್ಬ ಅಜ್ಜಿ ಹಸು ಮಾರಿದ ಮರುದಿನವೂ ಖಾಲಿ ಕ್ಯಾನು ಹಿಡಿದು ಬಂದು ಸಾಲಿನಲ್ಲಿ ನಿಂತಿದ್ದರು. ಅಂಥ ಸಣ್ಣಪುಟ್ಟದ್ದು ಬಿಟ್ಟರೆ ಇಲ್ಲಿ ಏನೂ ನಡೆಯುವುದಿಲ್ಲ. ದಿನನಿತ್ಯದ ಬದುಕಿನಲ್ಲಿ ಕವಿತೆಗೆ ವಸ್ತು ಹುಡುಕುವುದು ಹೇಗೆ? ನನ್ನ ಒಂದು ಕವಿತೆಯ ಮೊದಲ ಸಾಲುಗಳನ್ನೂ ಕಳುಹಿಸಿದ್ದೇನೆ:

ಬಾಳ ಪಯಣದ ಹಾದಿಯಲ್ಲಿ
ಕನಸುಗಳ ಮೆರವಣಿಗೆ,
ಮನದ ಬಾನಿನ ತುಂಬ
ನೋವಿನ ಕಾರ್ಮೋಡ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಪ್ರಶ್ನೆಗಾಗಿ ಓದಿದೆ. ಎರಡನೆಯ ಸಲ, ಆ ಅಜ್ಜಿಯ ವಾಕ್ಯ ಮನಸ್ಸಿನಿಂದ ಹೋಗದೆ ಉಳಿದದ್ದರಿಂದ, ಮತ್ತೆ ಅಲ್ಲಿಗೇ ಬಂದು ನಿಂತೆ. ಕವಿತೆಯೆಂದು ನೀವು ಕಳುಹಿಸಿದ ನಾಲ್ಕು ಸಾಲುಗಳಲ್ಲಿ ನನಗೆ ಕವಿತೆ ಕಾಣಲಿಲ್ಲ. ಇಲ್ಲಿ ಏನೂ ನಡೆಯುವುದಿಲ್ಲವೆಂದು ದೂರುವ ಭರದಲ್ಲಿ ನೀವು ಅರ್ಧ ವಾಕ್ಯದಲ್ಲಿ ಹೇಳಿ ದಾಟಿಹೋದ ಕಡೆ ಕಂಡಿತು. ಆದ್ದರಿಂದ ನಿಮಗೆ ವಸ್ತು ಸಿಗುತ್ತಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಕೈಗೆ ಸಿಕ್ಕಿದ್ದನ್ನು ನೀವು ವಸ್ತುವೆಂದು ಲೆಕ್ಕಕ್ಕೆ ಹಿಡಿಯುತ್ತಿಲ್ಲ, ಅಷ್ಟೆ. ಈ ಉತ್ತರವನ್ನು ಬಹುಮಟ್ಟಿಗೆ ಆ ಒಂದು ವಾಕ್ಯವನ್ನು ಇಟ್ಟುಕೊಂಡೇ ಬರೆಯುತ್ತೇನೆ.

ಮೊದಲು ಆ ನಾಲ್ಕು ಸಾಲುಗಳ ಮಾತು ಮುಗಿಸೋಣ. ಬಾಳ ಪಯಣ, ಕನಸುಗಳ ಮೆರವಣಿಗೆ, ಮನದ ಬಾನು, ನೋವಿನ ಕಾರ್ಮೋಡ: ಇವು ನಿಮಗಿಂತ ಮುಂಚೆ ಸಾವಿರಾರು ಜನರ ಕೈಯಲ್ಲಿ ಸವೆದು ಬಂದಿರುವ ನಾಣ್ಯಗಳು, ಮೇಲಿನ ಅಕ್ಷರ ಅಳಿಸಿಹೋಗಿದೆ. ಈ ಸಾಲುಗಳನ್ನು ಬೀದರಿನಲ್ಲಿ ಕುಳಿತವರೂ ಬರೆಯಬಹುದು, ಚಾಮರಾಜನಗರದಲ್ಲಿ ಕುಳಿತವರೂ ಬರೆಯಬಹುದು, ಹಸುವಿನ ಕೆಚ್ಚಲನ್ನು ಒಮ್ಮೆಯೂ ಮುಟ್ಟದವರೂ ಬರೆಯಬಹುದು. ಐದು ವರ್ಷ, ದಿನಕ್ಕೆ ಎರಡು ಹೊತ್ತು, ಒಂದು ಊರಿನ ಹಾಲನ್ನೆಲ್ಲ ಅಳೆದ ಹೆಣ್ಣುಮಗಳೊಬ್ಬಳು ಇವನ್ನು ಬರೆದಳೆಂದು ತೋರಿಸುವ ಒಂದು ಗುರುತೂ ಅವುಗಳಲ್ಲಿಲ್ಲ. ನಿಮ್ಮ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ನೋವು ನಿಜವಾಗಿಯೇ ಇರಬಹುದು, ಆದರೆ ಅದು ನಿಮ್ಮದೇ ಎಂದು ಓದುಗ ನಂಬುವುದಕ್ಕೆ ನೀವು ಏನನ್ನೂ ಅವನ ಕೈಗೆ ಕೊಟ್ಟಿಲ್ಲ.

ಈಗ ಅಜ್ಜಿಯ ಮಾತಿಗೆ ಬರೋಣ. ಹಸು ಮಾರಿಯಾಗಿದೆ, ಕೊಟ್ಟಿಗೆ ಖಾಲಿಯಾಗಿದೆ, ಕರೆಯಲು ಹಾಲಿಲ್ಲ. ಆದರೂ ಮರುದಿನ ಬೆಳಗಾಗುತ್ತಲೇ ಅವರ ಕೈ ಕ್ಯಾನನ್ನು ಎತ್ತಿಕೊಂಡಿದೆ, ಕಾಲು ಡೇರಿಯ ದಾರಿ ಹಿಡಿದಿದೆ. ಬಂದದ್ದು ಮರೆವಿನಿಂದಲೋ, ರೂಢಿಯಿಂದಲೋ, ಆ ಹೊತ್ತಿನಲ್ಲಿ ಮನೆಯಲ್ಲಿ ಇರಲಾರದೆಯೋ ನಮಗೆ ತಿಳಿಯದು. ಬಹುಶಃ ಅವರಿಗೂ ತಿಳಿಯದು. ಹಾಲಿನ ಡೇರಿಯ ಸಾಲಿನಲ್ಲಿ ಹಾಲಿಲ್ಲದ ಕ್ಯಾನು ಇರಬಾರದು. ಅದು ಇತ್ತು. ನಿಮ್ಮ ಕಣ್ಣು ಅಲ್ಲಿ ಎಡವಿತು. ಎಡವಿದ್ದರಿಂದಲೇ ತಿಂಗಳಾದರೂ ಮರೆಯದೆ, ಪರಿಚಯವೇ ಇಲ್ಲದ ನನಗೆ ಬರೆಯುವಾಗ ಆ ಸಂಗತಿ ತಾನಾಗಿ ಲೇಖನಿಯ ತುದಿಗೆ ಬಂತು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ದಿನನಿತ್ಯದಲ್ಲಿ ಚೆಲುವಾದದ್ದನ್ನು ಹುಡುಕುತ್ತ ಹೋಗಬೇಡಿ, ಕಣ್ಣು ಎಡವಿದ ಜಾಗವನ್ನು ನೆನಪಿಟ್ಟುಕೊಳ್ಳಿ. ನಡೆಯಬೇಕಾದದ್ದಕ್ಕೂ ನಡೆದದ್ದಕ್ಕೂ ನಡುವೆ ಒಂದು ಕೂದಲೆಳೆಯಷ್ಟು ಬಿರುಕು ಕಂಡರೆ ಕವಿತೆ ಬೇರು ಬಿಡುವುದು ಆ ಬಿರುಕಿನಲ್ಲಿ.

ಎಡವಿದ ಮೇಲೆ ಮಾಡಬೇಕಾದದ್ದು ಬಗ್ಗಿ ನೋಡುವ ಕೆಲಸ, ಮತ್ತು ಹೆಚ್ಚಿನವರು ಸೋಲುವುದು ಇಲ್ಲಿ. ಅಜ್ಜಿಯನ್ನು ಕಂಡ ಕೂಡಲೇ ಒಂಟಿತನ, ಮುಪ್ಪು, ಮೂಕಪ್ರಾಣಿಯ ಪ್ರೀತಿ ಎಂದು ದೊಡ್ಡ ಹೆಸರುಗಳನ್ನು ಹಚ್ಚಿಬಿಡುವ ಆತುರ ನಮಗಿರುತ್ತದೆ. ಹೆಸರು ಹಚ್ಚಿದ ಕ್ಷಣದಲ್ಲಿ ನೋಡುವುದು ನಿಂತುಹೋಗುತ್ತದೆ. ಹಾಗೆ ಮಾಡದೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಕ್ಯಾನು ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ? ಅದನ್ನು ತೊಳೆದು ತಂದಿದ್ದರೋ, ಹಿಂದಿನ ದಿನದ ಹಾಲಿನ ಕರೆ ಒಳಗೆ ಹಾಗೆಯೇ ಇತ್ತೋ? ಹಾಲು ತುಂಬಿದ ಕ್ಯಾನನ್ನು ಹಿಡಿದ ತೋಳು ಒಂದು ಬದಿಗೆ ಜಗ್ಗಿರುತ್ತದೆ. ಖಾಲಿ ಕ್ಯಾನು ಹಿಡಿದೂ ಅವರು ಹಾಗೆಯೇ ಒಂದು ಬದಿಗೆ ವಾಲಿ ನಿಂತಿದ್ದರೆ? ಹಿಂದೆ ನಿಂತವರು ಏನೆಂದರು? ಯಾರಾದರೂ ನಕ್ಕರೋ, ಇಲ್ಲ ಯಾರೂ ಏನೂ ಕಾಣದವರಂತೆ ಸಾಲು ಮುಂದೆ ಸರಿಯಿತೋ? ಅವರ ಸರದಿ ಬಂದಾಗ ನೀವು ಏನು ಮಾಡಿದಿರಿ? ಈ ಕೊನೆಯ ಪ್ರಶ್ನೆಯನ್ನು ಮುಖ್ಯವಾಗಿ ಕೇಳುತ್ತಿದ್ದೇನೆ, ಏಕೆಂದರೆ ಮೇಜಿನ ಈಚೆ ನಿಂತಿದ್ದವರು ನೀವು. ನಿಮ್ಮ ಪತ್ರದಲ್ಲಿ ಅಜ್ಜಿ ಇದ್ದಾರೆ, ನೀವಿಲ್ಲ.

ಎಷ್ಟೋ ಕವಿಗಳಿಗೆ ತಿಳಿಯದ ಸಂಗತಿಗಳು ನಿಮಗೆ ಕೈಯ ಅಭ್ಯಾಸವಾಗಿ ತಿಳಿದಿವೆ ಎಂಬುದನ್ನು ನೀವು ಗಮನಿಸಿದಂತೆ ಕಾಣುವುದಿಲ್ಲ. ರಾತ್ರಿಯ ಅಂತರ ಉದ್ದವಾದ್ದರಿಂದ ಬೆಳಗಿನ ಹಾಲು ಹೆಚ್ಚು, ಅದರಲ್ಲಿ ಕೊಬ್ಬು ಕಡಿಮೆ; ಸಂಜೆಯ ಹಾಲು ಕಡಿಮೆ, ಆದರೆ ಗಟ್ಟಿ. ನೀರು ಬೆರೆತರೆ, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರು ಇನ್ನಷ್ಟು ಕೆಳಗಿಳಿಯುತ್ತದೆ, ಡಿಗ್ರಿ ಕಡಿಮೆ ಬರುತ್ತದೆ. ಹಾಲು ತಂದವರ ಮುಖ ಆಗ ಹೇಗಾಗುತ್ತದೆ ಎಂಬುದನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಯಾರಿದ್ದಾರೆ? ಹಸು ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲನ್ನು ಡೇರಿಗೆ ಹಾಕುವಂತಿಲ್ಲ, ಆದ್ದರಿಂದ ಅದು ಅಳತೆಗೂ ಸಿಗದೆ ದುಡ್ಡಾಗಿಯೂ ಮಾರ್ಪಡದೆ ನೆರೆಮನೆಗಳಿಗೆ ಲೋಟದಲ್ಲಿ ಹೋಗುತ್ತದೆ. ನೀವು ಬಟವಾಡೆಯ ದಿನದ ಗದ್ದಲವನ್ನು ಕೇಳಿದ್ದೀರಿ. ಯಾವ ಮನೆಯಲ್ಲಿ ಹಾಲು ಬತ್ತುತ್ತಿದೆ ಎಂಬುದು ಆ ಮನೆಯವರು ಬಾಯಿ ಬಿಡುವ ಮುನ್ನವೇ ನಿಮ್ಮ ರಿಜಿಸ್ಟರಿನಲ್ಲಿ ಕಾಣಿಸುತ್ತದೆ. ಇಷ್ಟನ್ನು ಬಲ್ಲವರು ಕನಸುಗಳ ಮೆರವಣಿಗೆಯ ಹಿಂದೆ ಏಕೆ ಹೋಗಬೇಕು?

ಮಲೆನಾಡಿನವರಿಗೆ ಕಾಫಿ ಹೂವಿದೆ ಎಂದಿರಿ. ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ರೈಟರ, ಅಂದರೆ ತೋಟದ ಲೆಕ್ಕ ಬರೆಯುವವರ, ಮಗ. ಮುಂದೆ ಹಾಸನದಲ್ಲಿ ಕನ್ನಡ ಮೇಷ್ಟ್ರಾಗಿ ನೆಲೆ ನಿಂತವನು. ಆದ್ದರಿಂದ ಈ ವಿಷಯದಲ್ಲಿ ಮಾತನಾಡುವ ಹಕ್ಕು ನನಗೆ ಸ್ವಲ್ಪ ಇದೆಯೆಂದುಕೊಳ್ಳುತ್ತೇನೆ. ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ ಇಡೀ ತೋಟ ಒಮ್ಮೆಗೇ ಬೆಳ್ಳಗಾಗುತ್ತದೆ. ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳ ಎರಡು ಮೂರು ದಿನವಿದ್ದು, ಹೂವು ಕಂದಿ ಹೋಗುತ್ತದೆ. ಅದರ ಬಗ್ಗೆ ಇಪ್ಪತ್ತರ ವಯಸ್ಸಿನಲ್ಲಿ ನಾನು ಬರೆದ ಕವಿತೆಗಳು ಒಂದು ನೋಟ್‌ಬುಕ್ಕಿನ ತುಂಬ ಇದ್ದವು, ಮತ್ತು ಒಂದೂ ನಿಲ್ಲಲಿಲ್ಲ. ಹೂವು ಆಗಲೇ ಅಷ್ಟು ಚೆಲುವಾಗಿತ್ತು. ನಾನು ಮಾಡಬೇಕಾದ ಕೆಲಸವೇನೂ ಅಲ್ಲಿ ಉಳಿದಿರಲಿಲ್ಲ. ಅದನ್ನು ಹಾಡಿ ಹೊಗಳುವುದರ ಆಚೆಗೆ ನನ್ನ ಮಾತು ಹೋಗಲೇ ಇಲ್ಲ.

ಕೊನೆಗೆ ಆ ತೋಟದಿಂದ ನನಗೆ ದಕ್ಕಿದ ಕವಿತೆ ಒಂದು ಅಂಗಿಯದು. ಕಾಫಿ ಕುಯ್ಲಿನ ಕಾಲದಲ್ಲಿ ಹೆಂಗಸರು ಇರುವೆ ಕಡಿಯದಂತೆ, ರೆಂಬೆ ಗೀರದಂತೆ ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಒಂದು ಸಂಜೆ ಕಣದ ಬದಿಯಲ್ಲಿ ನನ್ನ ತಂದೆ ಹಣ್ಣಿನ ಚೀಲಗಳನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಹತ್ತು ವರ್ಷದ ನಾನು ಪಕ್ಕದಲ್ಲಿ ಕುಳಿತಿದ್ದೆ. ಆ ಮಳೆಗಾಲದಲ್ಲಿ ಗಂಡನನ್ನು ಕಳೆದುಕೊಂಡಿದ್ದ ಒಬ್ಬ ಹೆಂಗಸು ಅವನದೇ ಅಂಗಿ ತೊಟ್ಟು ಚೀಲ ಇಳಿಸಿದಳು. ಜೇಬಿನ ಅಂಚಿನಲ್ಲಿ ಬೀಡಿಯ ಕಿಡಿ ಬಿದ್ದು ಸುಟ್ಟಿದ್ದ ಒಂದು ತೂತು. ಅವನು ಬದುಕಿದ್ದಾಗ ಆ ತೂತು ಹಾಗೆಯೇ ಇದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಈಗ ಅದರ ಸುತ್ತ ಕೆಂಪು ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ ಬಿದ್ದಿತ್ತು. ಬಿಳಿಯ ಅಂಗಿಗೆ ಕೆಂಪು ದಾರ. ನನ್ನ ಕಣ್ಣು ಅಲ್ಲಿ ಎಡವಿದ್ದು ನನಗೇ ತಿಳಿಯದೆ ಇಪ್ಪತ್ತು ವರ್ಷ ಒಳಗೆ ಉಳಿದಿತ್ತು. ಅವಳ ದುಃಖದ ಬಗ್ಗೆ ಬರೆಯಲು ಹೊರಟಾಗಲೆಲ್ಲ ಸೋತಿದ್ದ ನಾನು ದಾರದ ಬಣ್ಣವನ್ನು ಬರೆದ ದಿನ ಸೋಲಲಿಲ್ಲ:

ಸುಟ್ಟ ತೂತಿಗೆ ಕೆಂಪು ದಾರ,
ಕೈಗೆ ಸಿಕ್ಕ ದಾರವೇ ಇರಬೇಕು.
ತಕ್ಕಡಿಯ ಮುಳ್ಳು ನಿಂತ ಮೇಲೂ
ಅಪ್ಪ ಕೂಡಲೇ ಬರೆಯಲಿಲ್ಲ.

ಇದನ್ನು ಮಾದರಿಯೆಂದು ಕೊಡುತ್ತಿಲ್ಲ. ದುಃಖ, ಸಾವು, ನೆನಪು ಎಂಬ ಮಾತುಗಳು ಈ ಸಾಲುಗಳಲ್ಲಿ ಇಲ್ಲದಿರುವುದನ್ನು ಮಾತ್ರ ಗಮನಿಸಿ. ಮೊದಲ ಕರಡಿನಲ್ಲಿ ಆ ಮೂರೂ ಇದ್ದವು.

ಕೆಲಸದ ನಡುವೆ ಹುಟ್ಟಿದ ಮಾತು ಕಾವ್ಯಕ್ಕೆ ಒಗ್ಗುವುದಿಲ್ಲವೆಂಬ ಅಳುಕು ನಿಮ್ಮ ಪತ್ರದಲ್ಲಿ ಎಲ್ಲೋ ಅಡಗಿದೆ. ಕನ್ನಡದಲ್ಲಿ ಬರೆಯುವವರಿಗಂತೂ ಆ ಅಳುಕು ಇರಬೇಕಾಗಿಲ್ಲ. 12ನೆಯ ಶತಮಾನದ ವಚನಕಾರರಲ್ಲಿ ದೋಣಿ ನಡೆಸುವವನಿದ್ದ, ಬಟ್ಟೆ ಮಡಿ ಮಾಡುವವನಿದ್ದ, ಹಗ್ಗ ಹೊಸೆಯುವವನಿದ್ದ, ಕಟ್ಟಿಗೆ ಮಾರುವವನಿದ್ದ. ಅವರು ತಮ್ಮ ಕಸುಬನ್ನು ಮನೆಯಲ್ಲಿ ಬಿಟ್ಟು ವಚನ ಹೇಳಲು ಬಂದವರಲ್ಲ. ಆಯ್ದಕ್ಕಿ ಲಕ್ಕಮ್ಮನನ್ನು ನೋಡಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆ ದಂಪತಿಗಳ ಕಾಯಕ. ಒಂದು ದಿನ ಗಂಡ ಮಾರಯ್ಯ ತಂದ ಅಕ್ಕಿ ಎಂದಿನ ಅಳತೆಗಿಂತ ಹೆಚ್ಚಿದ್ದುದನ್ನು ಕಂಡು, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಅವಳು ಹೇಳಿದಳೆಂಬ ಕಥೆ ನಮಗೆಲ್ಲ ಗೊತ್ತಿದೆ. ಅವಳ ಕಣ್ಣು ಎಡವಿದ್ದು ಒಂದು ಹಿಡಿ ಹೆಚ್ಚಿನ ಅಕ್ಕಿಯಲ್ಲಿ. ಆಸೆಯನ್ನು ಕುರಿತು ಅವಳು ಹೇಳಿದ ಮಾತಿಗೆ ಇಂದಿಗೂ ತೂಕವಿರುವುದು ಅದು ಅಳತೆ ಬಲ್ಲವಳ ಬಾಯಿಂದ ಬಂದುದರಿಂದ. ಅಳೆಯುವುದು ನಿಮ್ಮ ಕೆಲಸವೂ ಹೌದು.

ಬೇಲೂರು ನಿಮಗೆ ದೂರವೇನಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ದೇವರ ಕಥೆಗಳು ಗೋಡೆ ತುಂಬ ಇದ್ದರೂ, ನೋಡಲು ಹೋದವರೆಲ್ಲ ಕತ್ತೆತ್ತಿ ನಿಂತುಬಿಡುವುದು ಕನ್ನಡಿ ನೋಡಿಕೊಳ್ಳುವ ಹೆಣ್ಣಿನ ಮುಂದೆ, ಸೀರೆಯ ಸೆರಗನ್ನು ಕೋತಿ ಎಳೆಯುತ್ತಿರುವ ಹೆಣ್ಣಿನ ಮುಂದೆ. ಮುಂದಿನ ಸಲ ಹೋದಾಗ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಇನ್ನು ಅಭ್ಯಾಸದ ಮಾತು. ಚೆಂದದ ಡೈರಿ ಕೊಂಡು ತಂದರೆ ಅದರಲ್ಲಿ ಚೆಂದದ ಮಾತನ್ನೇ ಬರೆಯಬೇಕೆನ್ನಿಸುತ್ತದೆ. ಅದರ ಬದಲು ಡೇರಿಯಲ್ಲಿ ಉಳಿಯುವ ಚೀಟಿಯ ಹಿಂಬದಿಯಲ್ಲೇ ಬರೆದುಕೊಳ್ಳಿ. ಸಂಜೆಯ ಹಾಲು ಹೋದ ಮೇಲೆ, ಪಾತ್ರೆ ತೊಳೆದು ಬಾಗಿಲು ಹಾಕುವ ಮುನ್ನ ಐದು ನಿಮಿಷ ಸಾಕು. ಆ ದಿನ ಕಣ್ಣು ಎಡವಿದ ಒಂದೇ ಒಂದು ಸಂಗತಿಯನ್ನು ಮೂರು ನಾಲ್ಕು ವಾಕ್ಯಗಳಲ್ಲಿ, ನಿಮ್ಮ ಅನಿಸಿಕೆ ಸೇರಿಸದೆ, ಕಂಡದ್ದು ಕಂಡಂತೆ ಬರೆಯಿರಿ. ಜನ ಆಡಿದ ಮಾತಿದ್ದರೆ ಅವರ ನುಡಿಯಲ್ಲೇ ಇರಲಿ. ಅದನ್ನು ಗ್ರಂಥದ ಭಾಷೆಗೆ ತಿದ್ದಬೇಡಿ. ‘ಡಿಗ್ರಿ ಬರ್ತಿಲ್ಲ ಕಣಕ್ಕ’ ಎಂದು ಒಬ್ಬರು ಹೇಳಿದ್ದರೆ ಹಾಗೆಯೇ ಇರಬೇಕು. ಯಾವುದೂ ಕಾಣದ ದಿನ ಚೀಟಿಯಲ್ಲಿ ತಾರೀಖು ಮಾತ್ರ ಹಾಕಿ ಬಿಡಿ. ಇಲ್ಲದ್ದನ್ನು ಹುಟ್ಟಿಸಲು ಹೋಗುವುದು ಬೇಡ.

ಬರೆದ ಚೀಟಿಯನ್ನು ಕೂಡಲೇ ಕವಿತೆ ಮಾಡಲು ತೊಡಗಬೇಡಿ. ಮಳೆ ನಕ್ಷತ್ರಗಳ ಲೆಕ್ಕ ನಿಮ್ಮೂರಿನವರಿಗೆ ಬಾಯಿಪಾಠವಿರುತ್ತದೆ. ಒಂದೊಂದು ಮಳೆಗೆ 13 ಅಥವಾ 14 ದಿನ. ಚೀಟಿಯನ್ನೂ ಒಂದು ಮಳೆ ಕಳೆಯುವಷ್ಟು ಕಾಲ ಡಬ್ಬಿಯಲ್ಲಿಡಿ. ಆಮೇಲೆ ತೆಗೆದು ನೋಡಿದಾಗ ಹತ್ತರಲ್ಲಿ ಎಂಟು ಬರೀ ಸುದ್ದಿಯಾಗಿ ಕಾಣುತ್ತವೆ, ಅವನ್ನು ಬಿಡಬಹುದು. ಓದದೆಯೂ ನೆನಪಿನಲ್ಲಿ ಉಳಿದಿದ್ದ ಒಂದೆರಡು ಮಾತ್ರ ಕೆಲಸಕ್ಕೆ ಬರುವಂಥವು. ಅಜ್ಜಿಯ ಸಂಗತಿ ಈ ಪರೀಕ್ಷೆಯನ್ನು ಆಗಲೇ ದಾಟಿದೆ; ಅದಕ್ಕೆ ತಿಂಗಳಾಯಿತು.

ಕವಿತೆಯಾಗಿ ಬರೆಯುವಾಗ ಒಂದು ಅಪಾಯದ ಬಗ್ಗೆ ಮುಂಚಿತವಾಗಿಯೇ ಎಚ್ಚರಿಸಬೇಕು, ಏಕೆಂದರೆ ಈ ವಸ್ತುವಿನಲ್ಲಿ ಅದು ಬಾಗಿಲಲ್ಲೇ ಕಾದು ಕುಳಿತಿದೆ. ‘ಅಜ್ಜಿಯ ಬದುಕೂ ಆ ಕ್ಯಾನಿನಂತೆ ಖಾಲಿ’ ಎಂಬ ಸಾಲು ನಿಮಗೆ ಹೊಳೆಯುತ್ತದೆ. ಹೊಳೆದಾಗ ಸಂತೋಷವೂ ಆಗುತ್ತದೆ. ದಯವಿಟ್ಟು ಅದನ್ನು ಬರೆಯಬೇಡಿ. ಬರೆದ ಕೂಡಲೇ ನಿಜವಾದ ಕ್ಯಾನು, ಅದರ ತಗ್ಗು, ಅದರ ಹಿಡಿಯ ತಣ್ಣನೆಯ ಸ್ಪರ್ಶ ಎಲ್ಲವೂ ಮಾಯವಾಗಿ ಒಂದು ಹೋಲಿಕೆ ಮಾತ್ರ ಉಳಿಯುತ್ತದೆ, ಮತ್ತು ಓದುಗ ತಾನೇ ತಲುಪಬಹುದಾಗಿದ್ದ ಜಾಗಕ್ಕೆ ನೀವು ಅವನನ್ನು ಕೈಹಿಡಿದು ಎಳೆದೊಯ್ದಂತಾಗುತ್ತದೆ. ಅದೂ ಅಲ್ಲದೆ ಅವರ ಬದುಕು ಖಾಲಿಯೆಂದು ನಮಗೆ ಹೇಗೆ ಗೊತ್ತು? ಮೇವು, ಸಗಣಿ, ಬೆಳಗಿನ ಜಾವದ ಚಳಿ ಇವುಗಳಿಂದ ಬಿಡುಗಡೆಯಾದ ನಿರಾಳವೂ ಅವರೊಳಗೆ ಸ್ವಲ್ಪ ಇದ್ದಿರಬಹುದು. ಇಲ್ಲವೆಂದು ಮೊದಲೇ ತೀರ್ಮಾನಿಸಿಬಿಟ್ಟರೆ ಅಜ್ಜಿ ನಿಮ್ಮ ಕವಿತೆಯಲ್ಲಿ ಉಸಿರಾಡಲಾರರು.

ಲಯದ ವಿಷಯವನ್ನು ನೀವು ಕೇಳಿಲ್ಲ. ಆದರೂ ಎರಡು ಮಾತು ಹೇಳುತ್ತೇನೆ. ನಮ್ಮ ಹೆಂಗಸರು ತ್ರಿಪದಿಗಳನ್ನು ಹಾಡಿದ್ದು ಬೀಸುವ ಕಲ್ಲಿನ ಮುಂದೆ; ಕಲ್ಲಿನ ಸುತ್ತಿಗೂ ಸಾಲಿನ ಓಟಕ್ಕೂ ನಂಟಿತ್ತು. ನಿಮ್ಮ ಕೆಲಸಕ್ಕೂ ಒಂದು ಓಟವಿದೆ: ಹಾಲು ಸುರಿಯುವುದು, ಅಂಕಿ ನಿಲ್ಲುವವರೆಗೆ ಕಾಯುವುದು, ಸಂಖ್ಯೆ ಕೂಗುವುದು, ಚೀಟಿ ಹರಿಯುವುದು, ಮತ್ತೆ ಮುಂದಿನವರು. ಆ ಓಟದಲ್ಲೇ ಕವಿತೆಯನ್ನು ನಡೆಸಿ ನೋಡಿ. ಅಜ್ಜಿಯ ಸರದಿ ಬಂದಾಗ ಅದು ತಾನಾಗಿಯೇ ಒಂದು ಕಡೆ ತಡೆಯುತ್ತದೆ, ಆಗ ಸಾಲನ್ನು ಎಲ್ಲಿ ಮುರಿಯಬೇಕೆಂದು ನಾನು ಹೇಳಿಕೊಡಬೇಕಾಗುವುದಿಲ್ಲ.

ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಅಜ್ಜಿ ನಿಮ್ಮೂರಿನವರು, ಹಸು ಮಾರಿದವರು ಯಾರೆಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಸಾಲ ತೀರಿಸಲು ಮಾರಿದರೋ, ಮಗ ಮಾರಿಸಿದನೋ ಎಂಬುದನ್ನು ಡೇರಿಯ ಮೇಜಿನ ಮುಂದೆ ನೀವು ಕೇಳಿರಬಹುದು. ಹಾಗೆ ಕಿವಿಗೆ ಬಿದ್ದ ಮನೆಯ ಮಾತು ನಿಮ್ಮ ಕವಿತೆಯ ಸೊತ್ತಲ್ಲ. ಊರು, ಹೆಸರು, ಹಸುವಿನ ಬಣ್ಣ ಇವುಗಳನ್ನು ಬದಲಿಸಿ. ಕವಿತೆ ಮುಗಿದ ಮೇಲೆ ಅದನ್ನು ಆ ಅಜ್ಜಿಯ ಎದುರು ಕುಳಿತು ಓದುತ್ತಿರುವಂತೆ ಕಲ್ಪಿಸಿಕೊಂಡು ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ದನಿ ತಗ್ಗಿಸಬೇಕೆನ್ನಿಸುತ್ತದೆಯೋ ಆ ಸಾಲನ್ನು ತೆಗೆದುಹಾಕಿ. ಈ ಎಚ್ಚರ ನನಗೆ ತಡವಾಗಿ ಬಂತು. ಅಂಗಿಯ ಕವಿತೆಯ ಮೊದಲ ರೂಪದಲ್ಲಿ ಆ ಹೆಂಗಸಿನ ನಿಜವಾದ ಹೆಸರಿತ್ತು, ಅದು ಅಚ್ಚೂ ಆಯಿತು. ಅವಳ ಮಗಳು ಅದನ್ನು ಓದಿದಳೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಈಗ ನೀವು ಮಾಡಬೇಕಾದ ಕೆಲಸ ಒಂದಿದೆ. ಆ ಬೆಳಿಗ್ಗೆಯ ಬಗ್ಗೆ, ಅಜ್ಜಿ ಸಾಲಿಗೆ ಸೇರಿದ ಹೊತ್ತಿನಿಂದ ಅಂಗಳ ದಾಟಿ ಹೋದ ಹೊತ್ತಿನವರೆಗೆ ಕಂಡದ್ದನ್ನು ಮಾತ್ರ ಹತ್ತು ವಾಕ್ಯಗಳಲ್ಲಿ ಗದ್ಯವಾಗಿ ಬರೆದು ನನಗೆ ಕಳುಹಿಸಿ. ಕವಿತೆಯ ಸಾಲುಗಳಾಗಿ ಒಡೆಯುವುದು ಆಮೇಲೆ ಆಗಲಿ. ಅವರ ಸದಸ್ಯ ಸಂಖ್ಯೆಯ ಎದುರಿನ ಖಾನೆಯಲ್ಲಿ ಆ ದಿನ ನೀವು ಸೊನ್ನೆ ಬರೆದಿರೋ, ಅಡ್ಡಗೆರೆ ಎಳೆದಿರೋ, ಹಾಗೆಯೇ ಬಿಟ್ಟಿರೋ ಎಂಬುದನ್ನು ರಿಜಿಸ್ಟರು ತೆಗೆದು ನೋಡಿ, ಅದನ್ನೂ ಬರೆಯಿರಿ.